ಎಡಗಾಲಿನ ಬೂಟಿನ ತೂತು

ಮನೆಗೆ ಬೀಗ ಹಾಕಿದ ಮೇಲೆ ಬೀಗದ ಕೈಯನ್ನು ಎಲ್ಲಿ ಬಚ್ಚಿಡಬೇಕು ಎಂಬ ಪ್ರಶ್ನೆಗೆ ಮನುಷ್ಯಕುಲ ಇದುವರೆಗೆ ಒಂದೇ ಒಂದು ಹೊಸ ಉತ್ತರವನ್ನೂ ಕಂಡುಹಿಡಿದಿಲ್ಲ. ಕಿಟಕಿಯ ಸಂದು, ಮೀಟರ್ ಡಬ್ಬಿಯ ನೆತ್ತಿ, ತುಳಸಿಕಟ್ಟೆಯ ಗೂಡು, ಇಲ್ಲವೇ ಬಾಗಿಲ ಬಳಿ ಬಿಟ್ಟ ಹಳೆಯ ಪಾದರಕ್ಷೆ. ಇವನ್ನು ಬಿಟ್ಟು ಬೇರೊಂದು ಜಾಗವನ್ನು ಯೋಚಿಸುವ ಶ್ರಮವನ್ನು ಗೃಹಸ್ಥರೂ ತೆಗೆದುಕೊಂಡಿಲ್ಲ, ಕಳ್ಳರೂ ತೆಗೆದುಕೊಂಡಿಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಅದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಗಂಭೀರವಾಗಿ ಕೂತಿರುವ ಒಂದು ಜೊತೆ ಕಪ್ಪು ಬೂಟುಗಳ ಪೈಕಿ ಎಡಗಾಲಿನದರ ಹೊಟ್ಟೆಯೊಳಗೆ ಇರುತ್ತದೆ. ಇದು ಹಾಲಿನವನಿಗೆ ಗೊತ್ತು, ಪೇಪರಿನವನಿಗೆ ಗೊತ್ತು, ಓಣಿಯ ನಾಯಿಗಳಿಗೂ ಗೊತ್ತಿರಬಹುದು. ಈಗ ನಿಮಗೂ ಗೊತ್ತಾಯಿತು. ನನಗೇನೂ ಭಯವಿಲ್ಲ. ನಮ್ಮ ಮನೆಯಲ್ಲಿ ಕದಿಯಲು ಯೋಗ್ಯವಾದ ವಸ್ತುವೆಂದರೆ ಆ ಬೂಟುಗಳೇ, ಅವನ್ನು ಹೊರಗೇ ಇಟ್ಟಿದ್ದೇವೆ.

ಆ ಎಡಗಾಲಿನ ಬೂಟಿನ ಮೇಲ್ಭಾಗದಲ್ಲಿ, ಲೇಸಿನ ಸಾಲು ಮುಗಿಯುವಲ್ಲಿ, ಕಡಲೆಕಾಳು ಹಾಯುವಷ್ಟು ಒಂದು ತೂತಿದೆ. ಬಂದ ಅತಿಥಿಗಳು ಬೂಟಿನ ಹೊಳಪು ನೋಡಿ ಮೆಚ್ಚಿ, ತೂತು ನೋಡಿ ಮರುಗಿ, ಬಸ್ ನಿಲ್ದಾಣದ ಹತ್ತಿರ ಒಳ್ಳೆಯ ಮೋಚಿಯೊಬ್ಬನಿದ್ದಾನೆ ಎಂದು ತಿಳಿಸಿ ಹೋಗುತ್ತಾರೆ. ಆ ತೂತು ಬೀಳದೇ ಹೋಗಿದ್ದರೆ ನನಗೆ ಮದುವೆಯೇ ಆಗುತ್ತಿರಲಿಲ್ಲವೆಂದು ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಬರೆದೇ ಬಿಡುತ್ತಿದ್ದೇನೆ. ಬರೆದದ್ದನ್ನು ಜನ ಹೇಗೋ ಸುಲಭವಾಗಿ ನಂಬುತ್ತಾರೆ.

ಅದು ಸಂಡೂರಿನ ಗುಡ್ಡಗಳು ಅದಿರಾಗಿ ಟಿಪ್ಪರ್ ಹತ್ತಿ ಬಂದರುಗಳ ಕಡೆಗೆ ಪ್ರಯಾಣ ಹೊರಟಿದ್ದ ಕಾಲ. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಮನೆ ಬಿಟ್ಟ ಸಂಸಾರಿಗಳೆಲ್ಲ ಕೆಂಧೂಳಿನ ಕೃಪೆಯಿಂದ ಸಂಜೆಗೆ ಕಾವಿಧಾರಿಗಳಾಗಿ ಹಿಂದಿರುಗುತ್ತಿದ್ದರು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿ, ಹಂಪಿಯ ಕಲ್ಲುಗಳನ್ನು ಪ್ರವಾಸಿಗರಿಗೆ ಪರಿಚಯಿಸುತ್ತ ಬದುಕು ಸಾಗಿಸುವ ಕನಸು ಕಂಡಿದ್ದೆ. ಆದರೆ ಊರಿನಲ್ಲಿ ಆಗ ಕಲ್ಲಿನ ವಿಷಯ ಮಾತನಾಡುವವರಿಗಿಂತ ಕಲ್ಲನ್ನು ಲಾರಿಗೆ ತುಂಬುವವರಿಗೆ ಹೆಚ್ಚು ಮರ್ಯಾದೆ. ಹಾಗಾಗಿ ನಾನು ಸಂಡೂರು ರಸ್ತೆಯಲ್ಲಿದ್ದ ನನ್ನ ಸೋದರಮಾವ ಬಸಪ್ಪನ ಶೆಡ್ಡಿಗೆ ಸೇರಿದೆ. ಅದಿರು ಸುರಿದು ಸುರಿದು ಟಿಪ್ಪರುಗಳ ತಳ ಜಜ್ಜಿಹೋಗುತ್ತಿತ್ತು. ಆ ಹಳೆಯ ತಗಡನ್ನು ಗ್ಯಾಸಿನ ಬೆಂಕಿಯಿಂದ ಕತ್ತರಿಸಿ ತೆಗೆಯುವುದು ನನ್ನ ಕೆಲಸ, ಹೊಸದನ್ನು ಕೂಡಿಸುವುದು ಮಾವನ ಕೆಲಸ. ಅಂದರೆ ವಿಧ್ವಂಸ ನನ್ನದು, ನಿರ್ಮಾಣ ಅವನದು. ಅಂದಹಾಗೆ ಬಸಪ್ಪಮಾವನಿಗೆ ಹೆಣ್ಣುಮಕ್ಕಳಿರಲಿಲ್ಲ. ಇದ್ದಿದ್ದರೆ ಮದುವೆಯ ವಿಷಯ ಮನೆಯೊಳಗೇ ಇತ್ಯರ್ಥವಾಗಿ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಗಣಿಯೊಳಗೆ ಕೆಟ್ಟು ನಿಂತ ಗಾಡಿಗಳ ರಿಪೇರಿಗೆ ನಾವು ಆಗಾಗ ಗುಡ್ಡ ಹತ್ತಬೇಕಾಗುತ್ತಿತ್ತು. ಮುಂಗಾಲಿಗೆ ಉಕ್ಕಿನ ಟೋಪಿಯಿದ್ದ ಸೇಫ್ಟಿ ಬೂಟು ಇಲ್ಲದವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಹಾಗೆ ನನ್ನ ಕಾಲಿಗೆ ಬಂದವು ಈ ಬೂಟುಗಳು. ಅವು ಬಂದ ಮೊದಲ ವಾರದಲ್ಲೇ ನನಗೆ ಲೋಕರಹಸ್ಯವೊಂದು ಗೋಚರಿಸಿತು. ಬಸ್ಸಿನಲ್ಲಿ ಜನ ಸರಿದು ಜಾಗ ಕೊಟ್ಟರು. ನನ್ನ ಬಿ.ಎ. ಪದವಿಯನ್ನು ಎಂದೂ ಕೇಳದ ನೆಂಟರು ನನ್ನ ಜಾತಕ ಕೇಳಿದರು. "ಹುಡುಗ ಬೂಟಿನ ಕೆಲಸದಾಗ ಅದಾನ" ಎಂಬ ಒಂದೇ ಮಾತಿಗೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಹೆಣ್ಣು ಹೆತ್ತವರ ಕಿವಿ ನೆಟ್ಟಗಾಗುತ್ತಿತ್ತು. ಬೂಟು ಎಂದರೆ ಕಂಪನಿ, ಕಂಪನಿ ಎಂದರೆ ಸಂಬಳ, ಸಂಬಳ ಎಂದರೆ ಅಳಿಯ. ವರನ ಮುಖವನ್ನು ಆಮೇಲೆ ಬಿಡುವಾದಾಗ ನೋಡಿದರಾಯಿತು ಎನ್ನುವಂಥ ವಾತಾವರಣ.

ಹೀಗಿರುವಾಗ ಬೂಟುಗಳನ್ನು ಕಿಡಿಗಳಿಂದ ಕಾಪಾಡುವುದು ನನ್ನ ಜೀವನದ ಪರಮೋದ್ದೇಶವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಗ್ಯಾಸ್ ಕಟಿಂಗಿನ ಕಿಡಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ದೂರದಿಂದ ಅದು ದೀಪಾವಳಿ. ಹತ್ತಿರದಿಂದ ಅದು ಕರಗಿದ ಕಬ್ಬಿಣದ ಹನಿ. ಎಲ್ಲಿಂದ ಹಾರಿದರೂ ಮೊದಲು ಬೂಟಿನ ಲೇಸನ್ನೇ ಹುಡುಕಿಕೊಂಡು ಬರುತ್ತದೆ, ಲೇಸು ಸಿಗದಿದ್ದರೆ ಅದರಡಿಯ ಚರ್ಮದ ನಾಲಿಗೆಯ ಮಡಿಕೆಯಲ್ಲಿ ಕೂತು ನಿಧಾನಕ್ಕೆ ಒಳಗಿಳಿಯುತ್ತದೆ. ನಮ್ಮ ಸಾಲಿನ ಶೆಡ್ಡುಗಳಲ್ಲಿ ತಿಂಗಳು ತುಂಬುವುದರೊಳಗೆ ಜರಡಿಯಾಗದ ಬೂಟೇ ಇರಲಿಲ್ಲ.

ನಾನು ಮೊದಲು ಒದ್ದೆ ಗೋಣಿತಟ್ಟನ್ನು ಬೂಟಿಗೆ ಸುತ್ತಿದೆ. ಕಿಡಿಗಳೇನೋ ಆರಿದವು, ಆದರೆ ನಮ್ಮೂರ ಬಿಸಿಲಿಗೆ ಗೋಣಿಯ ನೀರು ಕಾದು ಒಳಗೆ ಪಾದಗಳು ಇಡ್ಲಿಯಂತೆ ಬೆಂದವು. ಆಮೇಲೆ ಎಣ್ಣೆಡಬ್ಬಿಯ ತಗಡನ್ನು ಬಗ್ಗಿಸಿ ಕಾಲಿಗೆ ಕವಚ ಮಾಡಿಕೊಂಡೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದನ್ನು ತೊಟ್ಟು ನಡೆಯುವಾಗ ಯಾವುದೋ ಸೈನ್ಯದ ದಳವಾಯಿಯಾದಂತೆ ಅನ್ನಿಸುತ್ತಿತ್ತು. ಸಂಡೂರು ರಸ್ತೆಯ ನಾಯಿಗಳಿಗೂ ಶತ್ರುಸೈನ್ಯ ಬಂದಂತೆಯೇ ಅನ್ನಿಸಿ ಅವು ಹಿಂಡುಹಿಂಡಾಗಿ ಬೆನ್ನಟ್ಟಿದವು. ಮೂರನೆಯ ಪ್ರಯೋಗ ಲಾರಿಯ ಹಳೆಯ ಟ್ಯೂಬಿನದು. ರಬ್ಬರಿಗೆ ಕಿಡಿ ಹತ್ತಿದಾಗ ಎದ್ದ ವಾಸನೆಗೆ ಪಕ್ಕದಲ್ಲಿ ಚಹಾದಂಗಡಿ ಇಟ್ಟಿದ್ದ ಹಂಪಮ್ಮ ಸೌಟು ಹಿಡಿದೇ ಓಡಿಬಂದು, "ಏನ್ ಸುಡಾಕತ್ತೀಯೋ ಪುಣ್ಯಾತ್ಮ, ನನ್ನ ಗಿರಾಕಿ ಎಲ್ಲಾ ಎದ್ದು ಹೋದ್ರು" ಎಂದು ಬೈದಳು.

ಕಡೆಗೆ ನನ್ನ ಕೈ ಹಿಡಿದದ್ದು ಬಾಳೆ. ಕಾಲುವೆಯ ಆಚೆಗೆ ತೋಟಗಳಿದ್ದವು. ಗೊನೆ ಕಡಿದ ಮೇಲೆ ಕಂಬಗಳನ್ನು ಬದುವಿನ ಮೇಲೆ ಎಸೆದಿರುತ್ತಿದ್ದರು. ಆ ಕಂಬದ ಪಟ್ಟೆಯನ್ನು ಸುಲಿದು ಬೂಟಿನ ಮೇಲೆ ಕವುಚಿ, ಬಾಳೆನಾರಿನಿಂದಲೇ ಬಿಗಿದು ಕಟ್ಟಿದರೆ ಸಾಕು, ಬಿದ್ದ ಕಿಡಿ ಚುಂಯ್ ಎಂದು ಅಲ್ಲೇ ಪ್ರಾಣ ಬಿಡುತ್ತಿತ್ತು. ಒಳಗೆ ತಂಪೋ ತಂಪು. ನಮ್ಮ ಕಡೆ ಮದುವೆಯ ಚಪ್ಪರಕ್ಕೆ ಬಾಳೆಕಂಬ ಕಟ್ಟುತ್ತಾರೆ. ನಾನು ಮದುವೆಯಾಗುವ ಆಸೆಯಿಂದ ಕಾಲಿಗೇ ಕಟ್ಟಿಕೊಂಡೆ. ವಾರದೊಳಗೆ ಸಾಲಿನ ಶೆಡ್ಡುಗಳೆಲ್ಲ ನನ್ನನ್ನು ಅನುಸರಿಸಿದವು, ಕಬ್ಬಿಣದ ಗದ್ದಲದ ನಡುವೆ ಹತ್ತಾರು ಗಂಡಸರು ಹಸಿರು ಕಾಲುಗಳಲ್ಲಿ ಓಡಾಡತೊಡಗಿದರು. ನನ್ನ ಜೀವಮಾನದ ಏಕೈಕ ಆವಿಷ್ಕಾರವದು.

ಆವಿಷ್ಕಾರಕ್ಕೊಂದು ದೋಷವಿತ್ತು. ಹಂಪಮ್ಮನ ಹಸು ಗೌರಿಗೆ ಬಾಳೆಪಟ್ಟೆಯೆಂದರೆ ಪಂಚಪ್ರಾಣ. ಕಟಿಂಗ್ ಮಾಡುವವನ ಕಣ್ಣಿಗೆ ಕಪ್ಪು ಕನ್ನಡಕ, ಕಿವಿಗೆ ಗ್ಯಾಸಿನ ಬುಸುಗುಟ್ಟುವಿಕೆ, ದೃಷ್ಟಿಯೆಲ್ಲ ಬೆಂಕಿಯ ತುದಿಯಲ್ಲಿ. ಹಿಂದಿನಿಂದ ಯಾರು ಬಂದರೂ ಗೊತ್ತಾಗುವುದಿಲ್ಲವೆಂಬ ಸತ್ಯವನ್ನು ಆ ಹಸು ಬಲುಬೇಗ ಅರಿತುಕೊಂಡಿತು. ಸದ್ದಿಲ್ಲದೆ ಬಂದು ಕಾಲಿನ ಪಟ್ಟೆಗೆ ಬಾಯಿ ಹಾಕಿ ಎಳೆಯುತ್ತಿತ್ತು. ನಾನು ತಲೆಯೆತ್ತದೆ, ಕೈಯ ಕೆಲಸ ಬಿಡದೆ, "ಥೂ ಮುದೇವಿ, ಬಿಡು ಕಾಲ!" ಎಂದು ಹಿಂಗಾಲು ಝಾಡಿಸುತ್ತಿದ್ದೆ. ಹಸು ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ದಿನಕ್ಕೆ ಹಲವು ಸಲ ನಡೆದು ನಡೆದು ಆ ಬೈಗುಳ, ಆ ಒದೆತ ನನಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ಕಂಪ್ಲಿಯ ಕಡೆಯ ಎಮ್ಮಿಗನೂರಿನಿಂದ ಸಂಬಂಧವೊಂದು ಬಂತು. ಭತ್ತ, ಕಬ್ಬು ಬೆಳೆಯುವ ಅನುಕೂಲಸ್ಥರು. ಯಜಮಾನರು ವೀರಣ್ಣನವರು, ಹುಡುಗಿ ಗಿರಿಜಾ. ಅವ್ವ, ಬಸಪ್ಪಮಾವ, ನಾನು ಹೆಣ್ಣು ನೋಡಲು ಹೋದೆವು. ಹಿಂದಿನ ದಿನವೇ ಬೂಟುಗಳಿಗೆ ಕೊಬ್ಬರಿ ಎಣ್ಣೆ ಸವರಿ ಮುಖ ಕಾಣುವಂತೆ ಉಜ್ಜಿದ್ದೆ. ಅವುಗಳನ್ನು ತೊಟ್ಟು ಗತ್ತಿನಿಂದ ಅಂಗಳ ದಾಟಿದ ಮೇಲೆ ಹೊಸ್ತಿಲ ಬಳಿ ಒಂದು ಕಹಿ ಸತ್ಯ ಹೊಳೆಯಿತು: ಒಳಗೆ ಹೋಗುವಾಗ ಅವನ್ನು ಕಳಚಬೇಕು. ಇಷ್ಟು ಸರಳವಾದ ಸಂಗತಿ ಅಷ್ಟೂ ತಿಂಗಳಲ್ಲಿ ನನಗೆ ತೋಚಿರಲಿಲ್ಲ. ನನ್ನ ಸರ್ವಸ್ವವನ್ನೂ ಹೊರಗೆ ಬಿಟ್ಟು, ಬರೀ ನಾನೇ ಒಳಗೆ ಹೋದೆ.

ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಬಂದವು. ಗಂಭೀರವಾಗಿ ಕಾಣಬೇಕೆಂದು ನಾನು ಮಿರ್ಚಿಯ ಅರ್ಧವನ್ನು ಒಂದೇ ಸಲಕ್ಕೆ ಕಚ್ಚಿದೆ. ಅದು ಎಮ್ಮಿಗನೂರಿನ ಮೆಣಸಿನಕಾಯಿ. ಕಿವಿಯಲ್ಲಿ ಗುಂಯ್ ಅಂದಿತು, ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು. ಕನ್ಯೆಯನ್ನು ನೋಡಲು ಬಂದ ವರ ಕಣ್ಣೀರಿಡುತ್ತಿರುವ ದೃಶ್ಯ ಕಂಡು ಹಿರಿಯರು ಮಳೆಬೆಳೆಯ ಮಾತು ನಿಲ್ಲಿಸಿದರು. ಆಗ ತಟ್ಟೆಯ ಅಂಚಿಗೆ ಒಂದು ಬೆಲ್ಲದ ಚೂರು ಬಂದು ಕೂತಿತು. ಯಾರೂ ಹೇಳಿರಲಿಲ್ಲ, ಯಾರಿಗೂ ಕಾಣಲಿಲ್ಲ. ಇಟ್ಟ ಕೈ ಗಿರಿಜಾಳದು. ತಲೆಯೆತ್ತಿದರೆ ಅವಳು ನಗು ತಡೆಯಲು ತುಟಿ ಬಿಗಿದುಕೊಂಡು ಅತ್ತ ತಿರುಗಿದ್ದಳು. ಆ ಬೆಲ್ಲ ಬಾಯಲ್ಲಿ ಕರಗುವಷ್ಟರಲ್ಲಿ ನಾನು ನಿರ್ಧರಿಸಿಬಿಟ್ಟೆ: ಆದರೆ ಇವಳನ್ನೇ, ಇಲ್ಲವಾದರೆ ಯಾರೂ ಬೇಡ. ಅಲ್ಲಿಯವರೆಗೆ ನನಗೆ ಬೇಕಾಗಿದ್ದದ್ದು ಮದುವೆ, ಆವತ್ತಿನಿಂದ ಬೇಕಾದದ್ದು ಗಿರಿಜಾ.

ಹೊರಡುವಾಗ ವೀರಣ್ಣನವರು ನನ್ನ ಬೂಟೊಂದನ್ನು ಎತ್ತಿಕೊಂಡರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವವರ ತದೇಕಚಿತ್ತದಿಂದ ಅಟ್ಟೆ ನೋಡಿದರು, ನಾಲಿಗೆ ಮಗುಚಿ ನೋಡಿದರು, ಮೂಸಿಯೂ ನೋಡಿದರು. "ಭಾಳ ಚಂದ ಇಟಗಂಡೀರಿ" ಅಂದರು. ಹೊಗಳಿಕೆಯೆಂದು ತಿಳಿದು ನಾನು ಹಿಗ್ಗಿದೆ. ಬಸ್ಸಿನಲ್ಲಿ ಅವ್ವ ಚಪ್ಪರ ಎಲ್ಲಿ ಹಾಕಿಸುವುದೆಂದು ಮಾವನೊಡನೆ ಚರ್ಚೆ ಶುರುಮಾಡಿದ್ದಳು.

ಆಮೇಲೆ ಸುದ್ದಿಯೇ ಇಲ್ಲ. ಕಡೆಗೆ ಸಂಬಂಧ ತಂದಿದ್ದ ದೊಡ್ಡಮ್ಮನೇ ಬಂದು ಬಾಗಿಲಲ್ಲೇ ನಿಂತು ಹೇಳಿದಳು: "ಅವ್ರು ಒಲ್ಲೆ ಅಂತಾರವ್ವ. ಅವು ಬಾಡಿಗಿ ಬೂಟಂತ. ಗ್ಯಾಸಿನ ಕೆಲಸ ಮಾಡೋನ ಬೂಟಿನ ಮ್ಯಾಲೆ ಒಂದು ಕಿಡಿ ಸೈತ ಬಿದ್ದಿಲ್ಲಂದ್ರ ಯಾರು ನಂಬ್ತಾರಂತ."

ವೀರಣ್ಣನವರ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಾಗಿರಲಿಲ್ಲ. ಅವರ ಅಣ್ಣನ ಮಗಳಿಗೆ ಸಂಡೂರಿನ ಕಡೆಯ ಬೂಟುಧಾರಿಯೊಬ್ಬನೊಡನೆ ಮದುವೆ ಗೊತ್ತಾಗಿ, ಮಾತುಕತೆ ಮುಗಿದ ಮೇಲೆ ಅವೇ ಬೂಟುಗಳು, ಅದೇ ಹಿಮ್ಮಡಿಯ ಗೀರಿನೊಡನೆ, ಇನ್ನೊಬ್ಬ ವರನ ಕಾಲಲ್ಲಿ ಇನ್ನೊಂದು ಊರಲ್ಲಿ ಕಂಡಿದ್ದವಂತೆ. ಆ ದಿನಗಳಲ್ಲಿ ಒಂದು ಜೊತೆ ಬೂಟು ಹಲವು ಮನೆಗಳ ಹೆಣ್ಣು ನೋಡಿ ಬರುತ್ತಿತ್ತು. ಅದೆಲ್ಲ ಸರಿ, ಆದರೆ ನನ್ನ ಗತಿಯನ್ನು ಯೋಚಿಸಿ. ತೂತು ಬಿದ್ದ ಬೂಟು ತೊಟ್ಟು ಹೋಗಿದ್ದ ನಮ್ಮ ಸಾಲಿನ ಹುಡುಗರೆಲ್ಲ ಅಳಿಯಂದಿರಾದರು. ನಾನೋ, ಬೂಟೂ ನಿರ್ಮಲ, ಅದರೊಳಗಿನ ಪಾದವೂ ನಿರ್ಮಲ. ಬೆಂಕಿಯೊಡನೆ ಗುದ್ದಾಡಿದ್ದಕ್ಕೆ ಮೈಮೇಲೆ ಒಂದು ಸಾಕ್ಷಿಯನ್ನೂ ಉಳಿಸಿಕೊಳ್ಳದಷ್ಟು ಜಾಣನಾಗಿದ್ದೆ. ಎರಡು ದಿನ ಊಟ ಸೇರಲಿಲ್ಲ. ಬೆಲ್ಲದ ಡಬ್ಬಿಯನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಏರಿಸಿದೆ.

ಬಸಪ್ಪಮಾವ ಸುಮ್ಮನಿರುವ ಆಸಾಮಿಯಲ್ಲ. "ಯಾವತ್ತಾರ ಬಂದು ಶೆಡ್ಡಿನಾಗ ನಿಂತು ನೋಡ್ರಿ, ಹೇಳದಾ ಕೇಳದಾ ಬರ್ರಿ" ಎಂದು ಎಮ್ಮಿಗನೂರಿಗೆ ಹೇಳಿ ಕಳಿಸಿದ. ಅವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ನೆಂಟರ ಮನೆಯ ನಾಮಕರಣಕ್ಕೆಂದು ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಬಂದವರು, ಹೇಳದೆ ಕೇಳದೆ, ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಆಟೋ ಇಳಿದರು.

ನಾನು ಟಿಪ್ಪರಿನ ಹಿಂಬದಿಗೆ ಬಗ್ಗಿ ತಗಡು ಕತ್ತರಿಸುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ, ಕಾಲಿಗೆ ಆಗಷ್ಟೇ ಸುಲಿದ ಹಸಿ ಪಟ್ಟೆ. ಮಾವ ಒಳಗೆ ಸಿಲಿಂಡರ್ ಬದಲಿಸುತ್ತಿದ್ದ. ವೀರಣ್ಣನವರು ಹಿಂದಿನಿಂದ ಬಂದು ನಿಂತು ಈ ಹಸಿರು ಕಾಲುಗಳನ್ನು ನೋಡಿದರು. ಬಾಳೆ ಬೆಳೆಯುವ ಸೀಮೆಯವರಾದರೂ ಬಾಳೆ ಹೀಗೆ ಬೆಳೆದದ್ದನ್ನು ಅವರು ಎಲ್ಲೂ ಕಂಡಿರಲಿಲ್ಲ. ಕುತೂಹಲ ತಡೆಯದೆ ಕುಕ್ಕರುಗಾಲಲ್ಲಿ ಕೂತು, ಒಳಗೇನಿದೆ ನೋಡೋಣವೆಂದು ಎಡಗಾಲಿನ ಪಟ್ಟೆಯ ತುದಿ ಹಿಡಿದು ಮೆಲ್ಲಗೆ ಎಳೆದರು.

ಉಳಿದದ್ದು ನಿಮಗೆ ಗೊತ್ತೇ ಇದೆ. "ಥೂ ಮುದೇವಿ, ಬಿಡು ಕಾಲ!" ಎಂದು ನನ್ನ ಬಾಯಿ ಹೇಳಿತು, ಹಿಂಗಾಲು ಝಾಡಿಸಿತು. ಈ ಸಲದ ಹಸು ಯಾಕೋ "ಅಯ್ಯಯ್ಯೋ ಶಿವನೇ" ಎಂದಿತು. ಗಾಬರಿಯಿಂದ ಬೆಂಕಿ ಆರಿಸಿ ಕನ್ನಡಕ ಎತ್ತಿ ತಿರುಗಿದರೆ, ಹಣೆಯ ತುಂಬ ವಿಭೂತಿ ಧರಿಸಿದ ನನ್ನ ಭಾವೀ ಮಾವನವರು ಕೆಂಧೂಳಿನಲ್ಲಿ ಎರಡೂ ಕಾಲು ಚಾಚಿ ಕೂತಿದ್ದರು, ಕೈಯಲ್ಲಿ ಬಾಳೆಪಟ್ಟೆ. ಅವರ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಿರಿಜಾ. ಅವಳ ಹಿಂದೆ, ತಡವಾಯಿತೇನೋ ಎಂಬ ಮುಖಭಾವದಲ್ಲಿ, ನಿಜವಾದ ಗೌರಿ.

ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಅದಿರಿಗಾಗಿ ಊರೆಲ್ಲ ಬಾಯಿಬಿಟ್ಟಿದ್ದ ಭೂಮಿ ನನ್ನ ಪಾಲಿಗೆ ಮಾತ್ರ ಬಿಡಲಿಲ್ಲ. ಓಡಿಬಂದ ಬಸಪ್ಪಮಾವ ಅವರನ್ನು ಎಬ್ಬಿಸಿ, ಧೂಳು ಕೊಡವಿ, "ತಪ್ಪಾತ್ರಿ, ತಪ್ಪಾತ್ರಿ, ಅವ ಹಸು ಅನ್ಕಂಡಾನ್ರಿ" ಎಂದು ವಿವರಿಸಿದ. ವಿವರಣೆಯಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಆದರೆ ವೀರಣ್ಣನವರ ಗಮನ ಇದಾವುದರ ಮೇಲೂ ಇರಲಿಲ್ಲ. ಅವರು ಪಟ್ಟೆಯ ಮೇಲಿನ ಸುಟ್ಟ ಕಲೆಗಳನ್ನು ನೋಡಿದರು, ಕೆಳಗಿನ ಹೊಳೆಯುವ ಬೂಟನ್ನು ನೋಡಿದರು.

"ಇದನ್ನ ಕಟ್ಟಿಗ್ಯಂಡ್ರ ನಮಗ ಹೆಂಗ ಗೊತ್ತಾಗಬೇಕ್ರಿ?" ಅಂದರು. "ಬಿಚ್ಚಿ ಕೆಲಸ ಮಾಡ್ರಿ, ನೋಡೋಣ. ಬಾಡಿಗಿ ಬೂಟಾದ್ರ ಸುಡಾಕ ಮನಸು ಬರಂಗಿಲ್ಲ."

ಬಿಚ್ಚಿದೆ. ಬೆಂಕಿ ಹಚ್ಚಿದೆ. ಅಷ್ಟು ತಿಂಗಳು ಯಾವುದರಿಂದ ಕಾಪಾಡಿದ್ದೆನೋ ಅದರ ಬಾಯಿಗೇ ಬೂಟುಗಳನ್ನು ಒಡ್ಡಿ ನಿಂತೆ. ಆದರೆ ಕಿಡಿಗಳ ಸ್ವಭಾವವನ್ನು ಏನೆನ್ನಲಿ! ಕರೆಯದಿದ್ದಾಗ ಲೇಸು ಹುಡುಕಿ ಬರುತ್ತಿದ್ದವು, ಈಗ ಅತ್ತ ಇತ್ತ ಹಾರಿದವೇ ಹೊರತು ಬೂಟಿನ ಹತ್ತಿರ ಸುಳಿಯಲಿಲ್ಲ. ವೀರಣ್ಣನವರು ಮತ್ತೆ ಕುಕ್ಕರುಗಾಲಲ್ಲಿ, ಈ ಸಲ ಸಾಕಷ್ಟು ದೂರದಲ್ಲಿ, ಕೂತು ಬೂಟನ್ನೇ ದಿಟ್ಟಿಸಿದರು. "ಇನ್ನೊಂಚೂರು ಎಡಕ್ಕ ಸರೀರಿ" ಅಂದರು. "ಲೇ, ಕಾಲು ಮುಂದಿಡಲೇ" ಎಂದು ಮಾವ ಕೂಗಿದ. ಹಂಪಮ್ಮ ಗಿರಾಕಿಗಳ ಸಮೇತ ಬಂದು, "ಬಗ್ಗು, ಬಗ್ಗು, ಆ ಕಡಿ ಬೀಳಾಕತ್ತೈತಿ ನೋಡು" ಎಂದು ಮಾರ್ಗದರ್ಶನ ಮಾಡಿದಳು. ಒಬ್ಬ ಮನುಷ್ಯ ಸರಿಯಾಗಿ ಸುಟ್ಟುಕೊಳ್ಳಲೆಂದು ಇಷ್ಟು ಜನ ಇಷ್ಟು ಅಕ್ಕರೆಯಿಂದ ಹಾರೈಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಗಿರಿಜಾ ಒಬ್ಬಳೇ ಆ ಗುಂಪಿನಿಂದ ಹಿಂದೆ ಸರಿದಳು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ಬೀಳು, ಒಂದಾದರೂ ಬೀಳು.

ಬಿತ್ತು. ದಪ್ಪನೆಯದೊಂದು ಹನಿ ಎಡಬೂಟಿನ ಮೇಲೆ ಕೂತು, ಹೊಗೆಯೆಬ್ಬಿಸಿ, ಚರ್ಮ ಕೊರೆದು, ಕಾಲುಚೀಲ ದಾಟಿ ನನ್ನನ್ನು ತಲುಪಿತು. "ಸುಟ್ಟಿತು, ಸುಟ್ಟಿತು!" ಎಂದು ವೀರಣ್ಣನವರು ಸಂತೋಷದಿಂದ ಎದ್ದುನಿಂತರು. "ಅವ್ವಾ!" ಎಂದು ನಾನು ಬೆಂಕಿ ಆರಿಸಿ ಒಂಟಿಕಾಲಲ್ಲಿ ಕುಣಿದೆ. ಅಷ್ಟರಲ್ಲಿ ತಣ್ಣನೆಯ ನೀರು ಕಾಲಿನ ಮೇಲೆ ಧೋ ಎಂದು ಸುರಿಯಿತು. ಹಂಪಮ್ಮನ ಅಂಗಡಿಯ ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದಿದ್ದಳು ಗಿರಿಜಾ. ಕೊಡ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಸಾಕೇನಪ್ಪಾ? ಇಲ್ಲಾ ಇನ್ನೊಂದು ಕಾಲೂ ಸುಡಬೇಕಾ?"

ಅವರ ಕೈಯಲ್ಲಿದ್ದ ಬಾಳೆಪಟ್ಟೆಯನ್ನು ಕಿತ್ತುಕೊಂಡು ನನ್ನ ಮುಂದೆ ಹಿಡಿದು, ನೆಲ ನೋಡುತ್ತ, "ಕಟ್ಟಿಗೊಳ್ರಿ ಮೊದಲು" ಅಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಪಾದ ಉರಿಯುತ್ತಿತ್ತು, ಜನ ನಗುತ್ತಿದ್ದರು, ನನಗೆ ಮಾತ್ರ ಆ ಶೆಡ್ಡೇ ಕೈಲಾಸವಾಗಿತ್ತು. ವೀರಣ್ಣನವರು ಬಗ್ಗಿ, ತಮ್ಮ ಕಿರುಬೆರಳನ್ನು ಬೂಟಿನ ತೂತಿಗೆ ಇಟ್ಟು ಒಮ್ಮೆ ತಿರುವಿ, "ಹೂಂ" ಅಂದರು. ನನ್ನ ಮದುವೆ ನಿಶ್ಚಯವಾದದ್ದು ಆ ಏಕಾಕ್ಷರದಿಂದ.

ಗುಡ್ಡಗಳ ಸಂಭ್ರಮ ಮುಗಿದು ಟಿಪ್ಪರುಗಳು ನಿಂತ ಜಾಗದಲ್ಲೇ ತುಕ್ಕು ಹಿಡಿದ ಮೇಲೆ ಮಾವನ ಶೆಡ್ಡೂ ಮುಚ್ಚಿತು. ನಾನೀಗ ಕಿಟಕಿ, ಗೇಟುಗಳನ್ನು ಮಾಡಿಸಿ ಮಾರುತ್ತೇನೆ. ಬೂಟುಗಳು ಬಾಗಿಲ ಪಕ್ಕದಲ್ಲಿ ನಿವೃತ್ತಿಜೀವನ ನಡೆಸುತ್ತಿವೆ. ವೀರಣ್ಣನವರು ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಆ ಕಲ್ಲಿನ ಬಳಿ ನಿಂತು, ಬಗ್ಗಿ, ಕಿರುಬೆರಳನ್ನು ತೂತಿನಲ್ಲಿ ತಿರುವಿ, "ಹೂಂ" ಎಂದ ಮೇಲೆಯೇ ಒಳಗೆ ಬರುತ್ತಿದ್ದರು. ಮೊಮ್ಮಕ್ಕಳು ಹುಟ್ಟಿದ ಮೇಲೂ ಈ ತಪಾಸಣೆ ತಪ್ಪಲಿಲ್ಲ. ಅವರ "ಹೂಂ" ಕೇಳಿಸುವವರೆಗೆ ನಾನೂ ಒಳಗೆ ಎದ್ದು ನಿಂತಿರುತ್ತಿದ್ದೆ, ಅಷ್ಟು ವರ್ಷಗಳ ನಂತರವೂ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂಥ ಮಾವನನ್ನು ಒದ್ದ ಭಾಗ್ಯ ನನ್ನೊಬ್ಬನಿಗೆ ಸಿಕ್ಕಿತ್ತು.

ಮೊನ್ನೆ ಅತಿಥಿಯೊಬ್ಬರು ಮತ್ತೆ ಮೋಚಿಯ ಸುದ್ದಿ ತೆಗೆದಾಗ, ತೂತು ಮುಚ್ಚಿಸಲೇ ಎಂದು ಗಿರಿಜಾಳನ್ನು ಕೇಳಿದೆ. "ಬ್ಯಾಡ್ರಿ" ಅಂದಳು. "ತೂತು ಇಲ್ಲಂದ್ರ ಅಪ್ಪ ಅನುಮಾನ ಪಟ್ಟು ಎದ್ದು ಬರ್ತಾನ." ಹೇಳಿ ನಕ್ಕಳು. ಹಾಗೆ ಬರುವುದು ನಿಜವಾಗಿದ್ದರೆ ನಾನು ಆ ಸಂಜೆಯೇ ಹೋಗಿ ಮುಚ್ಚಿಸಿಕೊಂಡು ಬರುತ್ತಿದ್ದೆ.

ನಿನ್ನೆ ನಾನು ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಪೇಟೆಯಿಂದ ಆಗಷ್ಟೇ ಹಿಂದಿರುಗಿ ಬಾಗಿಲ ಮುಂದೆ ನಿಂತಿದ್ದಳು. ನನ್ನನ್ನು ನೋಡಿರಲಿಲ್ಲ. ಚೀಲ ಕೆಳಗಿಟ್ಟು ಬೂಟಿನ ಕಡೆ ಬಗ್ಗಿದಳು. ಬೀಗದ ಕೈ ತೆಗೆಯುವ ಮೊದಲು ಕಿರುಬೆರಳನ್ನು ಆ ತೂತಿನ ಮೇಲಿಟ್ಟು ಒಮ್ಮೆ ತಿರುವಿ, ಮೆಲ್ಲಗೆ "ಹೂಂ" ಅಂದಳು. ಆಮೇಲೆ ಬಾಗಿಲು ತೆರೆದು ಒಳಗೆ ಹೋದಳು. ಹಳೆಯ ಅಭ್ಯಾಸದಂತೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ನಾನು ಗೇಟಿನ ಬಳಿ ನಿಂತೇ ಇದ್ದೆ.